ನಿನ್ನೆಯ ಫಾರ್ವರ್ಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಪ್ಪು ಜನರ ಮಕ್ಕಳಿಗೆ ಅಪ್ಪನೇ ಇರಲ್ಲ ಎಂದು ಗೇಲಿ ಮಾಡುವ, ನಿನ್ನೆ ರಾತ್ರಿ ಬಂದ ‘ಕರಿಯರ ಅಪ್ಪಂದಿರು’ ಜೋಕನ್ನು ಗುಂಪಿನಿಂದ ನಾನೇ ತೆಗೆದಿದ್ದೇನೆ. ಕಳಿಸಿದವರ ಮೇಲೆ ಸಿಟ್ಟಿಲ್ಲ, ಸುಮ್ನೆ ಬಂದದ್ದನ್ನು ದಾಟಿಸಿದ್ದಾರೆ. ಆದರೆ ಅಮೆರಿಕದಲ್ಲೇ ಮಕ್ಕಳನ್ನು ಬೆಳೆಸುತ್ತಿರುವ ನಾವು ಅದಕ್ಕೆ ನಗುವುದು ಸರಿ ಕಾಣಲಿಲ್ಲ.

ಕಪ್ಪು ಜನರಲ್ಲಿ ಅಪ್ಪ ಅಂದರೆ ಮನೆ ಬಿಟ್ಟು ಹೋದವನು ಎನ್ನುವ ಮಾತು ಹಳೆಯದು. ಕಪ್ಪು ಕುಟುಂಬಗಳ ಬಗ್ಗೆ ಅಮೆರಿಕ ಸರ್ಕಾರದ 1965ರ ಮೊಯ್ನಿಹಾನ್ ವರದಿ ಬಂದ ಮೇಲಂತೂ ಇನ್ನೂ ಗಟ್ಟಿಯಾಯಿತು. ಮದುವೆಯಾಗದ ತಾಯಂದಿರಿಗೆ ಹುಟ್ಟುವ ಮಕ್ಕಳ ಲೆಕ್ಕ ತೋರಿಸಿ, ಅಪ್ಪನೇ ಇಲ್ಲ ಎನ್ನುತ್ತಾರೆ. ಮದುವೆ ಆಗಿಲ್ಲ ಅಂದ ಮಾತ್ರಕ್ಕೆ ಅಪ್ಪ ಇಲ್ಲ ಅಂತಲ್ಲ, ಅಲ್ವಾ? ಮದುವೆಯಿಲ್ಲದೆ ಒಂದೇ ಮನೆಯಲ್ಲಿರುವವರು ಎಷ್ಟೋ ಜನ. ಬೇರೆ ಮನೆಯಲ್ಲಿದ್ದರೂ ಬೆಳಿಗ್ಗೆ ಬಂದು ಮಗುವನ್ನು ಶಾಲೆಗೆ ಬಿಡುವವರಿದ್ದಾರೆ.

ಇಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿ 2013ರಲ್ಲಿ ಒಂದು ವರದಿ ತಂದಿತು. ಐದು ವರ್ಷದೊಳಗಿನ ಮಕ್ಕಳ ಜೊತೆ ವಾಸಿಸುವ ಅಪ್ಪಂದಿರಲ್ಲಿ ಸ್ನಾನ, ಬಟ್ಟೆ, ಡೈಪರ್ ಕೆಲಸವನ್ನು ದಿನಾ ಮಾಡುವವರು ಎಷ್ಟು ಅಂತ ನೋಡಿದರು. ಕಪ್ಪು ಅಪ್ಪಂದಿರು ಶೇ. 70, ಬಿಳಿಯರು ಶೇ. 60. (ನಮ್ಮ ಗುಂಪಿನ ಗಂಡಸರ ಲೆಕ್ಕ ಕೇಳಲ್ಲ, ಹೆದರಬೇಡಿ.)

ದೂರವಾದ ಅಪ್ಪಂದಿರೂ ಇದ್ದಾರೆ, ಸುಳ್ಳಲ್ಲ. ಅದರಲ್ಲಿ ಜೈಲಿನ ಪಾಲೂ ಇದೆ. ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಕಪ್ಪು ಜನರನ್ನು ಇಲ್ಲಿ ಸೆರೆಗೆ ಹಾಕಿದ್ದಾರೆ. ಜೋಕಿನಲ್ಲಿ ಅದು ಬರಲ್ಲ.

ಪಾರ್ಕಿನ ಬೆಂಚಲ್ಲಿ ಕೂತು ಮಗಳಿಗೆ ಜಡೆ ಹಾಕುವ ನಮ್ಮ ಪಕ್ಕದ ಮನೆಯವರನ್ನು ನೀವೆಲ್ಲ ನೋಡಿದ್ದೀರಿ. ಶನಿವಾರ ಮಕ್ಕಳ ಆಟಕ್ಕೆ ಅವರೂ ಬರುತ್ತಾರೆ. ಇಂಥ ಫಾರ್ವರ್ಡ್ ಇನ್ನು ಬೇಡ.