ಬಳಚಿನ ಚಿಪ್ಪು, ಕಲ್ಲಿದ್ದಲ ಹೊಗೆ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಮೀನು ಕಡಿಮೆಯಾಗುತ್ತಿದೆ ಎಂಬ ಚರ್ಚೆ ಎದ್ದಾಗಲೆಲ್ಲ ದೀಪದ ಬೆಳಕಿಗೆ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್, ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲಿಂಗ್, ಮರಳುಗಾರಿಕೆಯ ಮಾತು ಬರುತ್ತದೆ. ಬರಲೇಬೇಕು. ಕಡಲ ನೀರಿನ ಗುಣವೇ ಬದಲಾಗುತ್ತಿರುವ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಮೇಲೆ ಅದು ಆಮ್ಲವಾಗುತ್ತದೆ. ಕೈಗಾರಿಕೆಗಳು ಬರುವ ಮೊದಲು 8.2ರ ಆಸುಪಾಸಿನಲ್ಲಿದ್ದ ಸಮುದ್ರದ ಪಿಎಚ್ (ಆಮ್ಲ-ಕ್ಷಾರದ ಅಳತೆ, ಇದು ಇಳಿದಷ್ಟೂ ಆಮ್ಲ ಹೆಚ್ಚು) ಈಗ 8.1ರ ಹತ್ತಿರ ಇದೆ. ಇಷ್ಟೇ ತಾನೇ ಎನ್ನಬೇಡಿ, ಆ ಮಾಪನದಲ್ಲಿ ಇಷ್ಟು ಇಳಿದರೆ ಆಮ್ಲೀಯತೆ ಶೇ 25ಕ್ಕೂ ಹೆಚ್ಚು ಏರಿದೆ ಎಂದರ್ಥ. ಚಿಪ್ಪು ಕಟ್ಟಿಕೊಳ್ಳಲು ಬೇಕಾದ ಕಾರ್ಬೊನೇಟ್ ಇದರಿಂದ ನೀರಿನಲ್ಲಿ ಕಡಿಮೆಯಾಗುತ್ತದೆ.

ನಮ್ಮ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಸಂಸಾರ ನಡೆಸುವವರು ಸಾವಿರಾರು ಮಂದಿ, ಅವರಲ್ಲಿ ಹೆಂಗಸರೂ ಇದ್ದಾರೆ. ಬಳಚಿನ ಇಳುವರಿ ಕುಸಿದರೆ ನೆರೆಯನ್ನೋ ಮರಳು ತೆಗೆಯುವವರನ್ನೋ ದೂರುತ್ತೇವೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಮಳೆಗಾಲದ ಸಿಹಿನೀರೇ ಅಳಿವೆಯ ಪಿಎಚ್ಚನ್ನು ಏರುಪೇರು ಮಾಡುತ್ತದೆ. ಹಾಗಿರುವಾಗ ಇದರಲ್ಲಿ ಇಂಗಾಲದ ಪಾಲೆಷ್ಟು ಎಂದು ತಿಳಿಯಬೇಕಾದರೆ ವರ್ಷಗಟ್ಟಲೆ ಬಿಡದೆ ಅಳೆಯಬೇಕು.

ಅಮೆರಿಕದ ಪಶ್ಚಿಮ ಕರಾವಳಿಯ ಸಿಂಪಿ ಮರಿ ಕೇಂದ್ರಗಳಲ್ಲಿ 2005ರ ನಂತರ ಕೆಲವು ವರ್ಷ ಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ರೋಗವಿರಬೇಕು ಎಂದುಕೊಂಡರು. ಕೊನೆಗೆ ನೋಡಿದರೆ, ಆಳದಿಂದ ಮೇಲೆದ್ದು ಬಂದ ಆಮ್ಲೀಯ ನೀರು ಕಾರಣವಾಗಿತ್ತು. ಆಮೇಲೆ ಅಳತೆಯ ಉಪಕರಣ ಕೂರಿಸಿ, ತೊಟ್ಟಿಯ ನೀರಿಗೆ ಆಮ್ಲ ತಗ್ಗಿಸುವ ಸೋಡಾ ಬೂದಿ ಬೆರೆಸಿ ಉದ್ಯಮವನ್ನು ಉಳಿಸಿಕೊಂಡರು. ಮುಂಗಾರಿನಲ್ಲಿ ನಮ್ಮ ಅರಬ್ಬೀ ಸಮುದ್ರದಲ್ಲೂ ಇಂಥ ನೀರು ಆಳದಿಂದ ಮೇಲೇಳುತ್ತದೆ. ತೊಟ್ಟಿಗೆ ಮಾಡಿದ ಆ ಉಪಚಾರ ಇಡೀ ಅಳಿವೆಗೆ ನಡೆಯುವಂಥದ್ದಲ್ಲ.

ಇದೇ ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಬರುವುದಿತ್ತು. ಹಾರುಬೂದಿ, ಬಿಸಿನೀರು ಅಳಿವೆಯನ್ನು ಕೊಲ್ಲುತ್ತದೆಂದು ಜನ ಎದುರು ನಿಂತರು, ಯೋಜನೆ ಬಿದ್ದುಹೋಯಿತು. ಆ ಹೋರಾಟದ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ. ಆದರೆ ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಅಲ್ಲೇ ಉಳಿದೀತು, ಅಲ್ಲಿ ಉರಿದ ಕಲ್ಲಿದ್ದಲಿನ ಇಂಗಾಲ ಗಾಳಿಯಲ್ಲಿ ಬೆರೆತು ತದಡಿಯ ಕಡಲಿಗೂ ಇಳಿಯುತ್ತದೆ. ಈ ಲೆಕ್ಕ ನಮ್ಮ ಪರಿಸರ ಹೋರಾಟಗಳಲ್ಲಿ ಇನ್ನೂ ಸೇರಿಲ್ಲ.

2024ರಲ್ಲಿ ಅಘನಾಶಿನಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಬೋರ್ಡು ಹಾಕಿದರೆ ಸಾಲದು. ಅಘನಾಶಿನಿ ಮತ್ತು ಕಾಳಿ ನದಿಗಳ ಅಳಿವೆಗಳಲ್ಲಿ ವರ್ಷವಿಡೀ ಪಿಎಚ್ ಅಳೆದು, ಮಳೆಯ ಪ್ರಮಾಣ ಪ್ರಕಟಿಸುವ ಹಾಗೆ ಅದನ್ನೂ ಜನರ ಮುಂದಿಡಲಿ. ರಾಜ್ಯದಲ್ಲಿ ಯಾವುದೇ ಹೊಸ ಕಲ್ಲಿದ್ದಲು ಘಟಕದ ಪ್ರಸ್ತಾಪ ಬಂದಾಗ, ಅದು ಕರಾವಳಿಯಿಂದ ಎಷ್ಟೇ ದೂರವಿರಲಿ, ಅಹವಾಲು ಸಭೆಗೆ ಮೀನುಗಾರರನ್ನೂ ಬಳಚು ಹೆಕ್ಕುವವರನ್ನೂ ಕರೆಯಲಿ.

– ಓದುಗ, ಕುಮಟಾ