ಬೈಲಕುಪ್ಪೆಯಲ್ಲಿ ಹುಟ್ಟಿದವರು ಇನ್ನೂ ಎಷ್ಟು ದಿನ ವಿದೇಶಿಯರು? ನಮ್ಮ ಸಂಸದರಿಗೆ ಬಹಿರಂಗ ಪತ್ರ

ಮೈಸೂರು-ಕೊಡಗು ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ಪಿರಿಯಾಪಟ್ಟಣ ತಾಲ್ಲೂಕಿನವನು, ನಿಮ್ಮ ಮತದಾರ. ಇವತ್ತು ಬರೆಯುತ್ತಿರುವುದು ಓಟಿಲ್ಲದ ಒಬ್ಬನ ಬಗ್ಗೆ.

ನನ್ನ ಗೆಳೆಯ 1989ರಲ್ಲಿ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿದ. ಅವನ ಅಕ್ಕ 1985ರಲ್ಲಿ, ಅದೇ ಮನೆಯಲ್ಲಿ. ನಮ್ಮ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಹಾಗಾಗಿ ಅಕ್ಕ ಭಾರತೀಯಳು, ತಮ್ಮ ವಿದೇಶಿ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಸಾರ್ ಇಬ್ಬರೂ.

ಅವನ ಹತ್ತಿರ ಇರುವುದು ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ. ಮೂಲೆ ಮುದುಡಿದೆ, ಸೀಲಿನ ಮೇಲೆ ಸೀಲು ಬಿದ್ದಿದೆ, ಮಳೆಗೆ ನೆನೆಯಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಾನೆ. ಹುಟ್ಟಿದ ಊರು ಬೈಲಕುಪ್ಪೆ, ರಾಷ್ಟ್ರೀಯತೆ ಟಿಬೆಟನ್. ಅವಧಿ ಮುಗಿಯುವ ಮುಂಚೆ ನವೀಕರಿಸಬೇಕು. ಒಮ್ಮೆ ಜೊತೆಗೆ ಹೋಗಿದ್ದೆ. ಕೌಂಟರಿನಲ್ಲಿ ಅವನು ಸೊಗಸಾದ ಕನ್ನಡದಲ್ಲಿ ಮಾತಾಡುತ್ತಿದ್ದರೂ ಗುಮಾಸ್ತರು ನನ್ನ ಮುಖ ನೋಡಿಕೊಂಡೇ ಉತ್ತರ ಕೊಟ್ಟರು. ಅದು ಇನ್ನೂ ಮರೆತಿಲ್ಲ.

ಅವನ ಅಜ್ಜ ಅಜ್ಜಿ ಸುಮ್ನೆ ಊರು ಬಿಟ್ಟವರಲ್ಲ. 1959ರಲ್ಲಿ ಲ್ಹಾಸಾದ ದಂಗೆಯನ್ನು ಚೀನಾ ಸೈನ್ಯ ಹತ್ತಿಕ್ಕಿದಾಗ ಜೀವ ಉಳಿಸಿಕೊಳ್ಳಲು ಹಿಮಾಲಯ ದಾಟಿದವರು. ಅಂದಿನ ಮೈಸೂರು ಸರ್ಕಾರ ಇಂಥವರಿಗೆ ಸುಮಾರು 3,000 ಎಕರೆ ಕಾಡು ಕೊಟ್ಟಿತು. ಚಳಿ ದೇಶದಿಂದ ಬಂದವರು ಈ ಸೆಕೆಯಲ್ಲಿ ಮರ ಕಡಿದು, ಆನೆ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆದರು. ಅಷ್ಟು ದೊಡ್ಡ ಮನಸ್ಸು ಮಾಡಿದ ರಾಜ್ಯ ನಮ್ಮದು ಅನ್ನೋದು ನನಗೆ ಇವತ್ತಿಗೂ ಹೆಮ್ಮೆ.

ಆದರೆ ಆಶ್ರಯ ಕೊಟ್ಟೆವೇ ಹೊರತು ಅದನ್ನು ಹಕ್ಕು ಮಾಡಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮದೇ ಆದ ಆಶ್ರಯ ಕಾನೂನೂ ಇಲ್ಲ. 2015ರಲ್ಲಿ ಶಶಿ ತರೂರ್ ಅಂಥ ಕಾನೂನಿಗಾಗಿ ಲೋಕಸಭೆಯಲ್ಲಿ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸಂಸದರು ತರುವ ಮಸೂದೆ, ಮಂಡಿಸಿದರು, ಅದು ಕಾನೂನಾಗಲಿಲ್ಲ. 2019ರ ಪೌರತ್ವ ತಿದ್ದುಪಡಿಯಲ್ಲಿ ಬೌದ್ಧರ ಹೆಸರಿದೆ, ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ ಮಾತ್ರ. ಅಕ್ಕನಂಥವರು ಭಾರತೀಯರೇ, ಪಾಸ್‌ಪೋರ್ಟ್ ಕೊಡಿ ಅಂತ ದೆಹಲಿ ಹೈಕೋರ್ಟು 2016ರಲ್ಲಿ ತೀರ್ಪು ಕೊಟ್ಟರೂ, ಪಾಸ್‌ಪೋರ್ಟ್ ಬೇಕಿದ್ದರೆ ಟಿಬೆಟನ್ ಕ್ಯಾಂಪಿನಲ್ಲಿ ವಾಸ ಇರಬಾರದು ಅಂತ 2017ರಲ್ಲಿ ಷರತ್ತು ಬಂತು. ಹುಟ್ಟಿದ ಮನೆ ಬಿಟ್ಟು ಪಾಸ್‌ಪೋರ್ಟ್ ತಗೊಂಡು ಎಲ್ಲಿಗೆ ಹೋಗಬೇಕು ಅವರು?

ಇನ್ನೊಂದು ಮಾತು. ಕ್ಯಾಂಪಿನಲ್ಲಿ ಪೌರತ್ವ ಬೇಡ ಅನ್ನುವ ಹಿರಿಯರೂ ಇದ್ದಾರೆ. ಅದನ್ನು ತಗೊಂಡರೆ ಟಿಬೆಟ್ಟಿನ ಆಸೆ ಬಿಟ್ಟ ಹಾಗೆ ಅನ್ನೋದು ಅವರ ಸಂಕಟ. ಅದಕ್ಕೇ ನಾನು ಕೇಳುತ್ತಿರುವುದು ಕಾಯಂ ವಾಸದ ಹಕ್ಕು. ಪದೇ ಪದೇ ನವೀಕರಣ ಇಲ್ಲದೆ ಇರಲು, ದುಡಿಯಲು, ತಮ್ಮ ಹೆಸರಲ್ಲಿ ಜಮೀನು ಮಾಡಿಕೊಳ್ಳಲು ಬಿಡಿ. ಪೌರತ್ವ ಬೇಕೋ ಬೇಡವೋ ಅವರೇ ಹೇಳಲಿ. ಮುಂದೆ ಯಾವ ದೇಶದಿಂದ ಯಾರೇ ಜೀವಭಯದಿಂದ ಬಂದರೂ ಅರ್ಜಿ ಹಾಕಲು ಒಂದು ಕಾನೂನು ಇರಲಿ.

ಖಾಸಗಿ ಮಸೂದೆ ನೀವೂ ತರಬಹುದು ಅಲ್ವಾ? ತರುವ ಮುಂಚೆ ಒಮ್ಮೆ ಕ್ಯಾಂಪಿಗೆ ಬನ್ನಿ. ಗೆಳೆಯನ ಮಗಳು ಈಗ ಕನ್ನಡ ಕಾಗುಣಿತ ಬರೆಯುತ್ತಿದ್ದಾಳೆ. ದೊಡ್ಡವಳಾದ ಮೇಲೆ ಅವಳ ಕೈಗೂ ಆರ್‌ಸಿಯನ್ನೇ ಕೊಡಬೇಕಾ, ಅದಕ್ಕೆ ನಿಮ್ಮ ಉತ್ತರ ಬೇಕು.

ಇತಿ,
ಪಿರಿಯಾಪಟ್ಟಣ ತಾಲ್ಲೂಕಿನ ಒಬ್ಬ ಮತದಾರ