ಪುಟ್ಟಾ, ರಾತ್ರಿ ಹತ್ತಕ್ಕೆ ಚಾರ್ಜ್ ಕೊಡು

ಸಾಗರ
22 ಮೇ 2021

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೇನೂ ಇಲ್ಲ. ನಿನ್ನ ಕ್ಷೇಮದ ಬಗ್ಗೆ ಮಾತ್ರ ನನಗೆ ಅನುಮಾನ. ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದೀನಿ ದೊಡ್ಡಮ್ಮ" ಅನ್ನುತ್ತೀಯ. ಆದರೆ ಮೊನ್ನೆ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಮಾಡಿದರೆ ನೀನು ಆಗಷ್ಟೇ ಎದ್ದಿದ್ದೆ, ಧ್ವನಿ ಒಡೆದಿತ್ತು, ಮಾತಿನ ಮಧ್ಯೆ ಎರಡು ಸಲ ಬೇರೆ ಕಾಲ್ ಬಂತು ಅಂತ ನನ್ನನ್ನು ಬಿಟ್ಟು ಹೋದೆ. ಬಾಯಲ್ಲಿ ಹೇಳಿದರೆ ಹೂಂ ಹೂಂ ಅಂತ ತೇಲಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊದಲು ಒಂದು ಮಾತು. ನೀನು ಮತ್ತು ನಿನ್ನ ಗೆಳೆಯರು ಮಾಡುತ್ತಿರುವ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಈ ಕೊರೊನಾ ಹೊತ್ತಿನಲ್ಲಿ ಐಸಿಯು ಬೆಡ್ ಎಲ್ಲಿದೆ, ಆಕ್ಸಿಜನ್ ಸಿಲಿಂಡರ್ ಎಲ್ಲಿ ತುಂಬಿಸಿಕೊಡುತ್ತಾರೆ, ಬೆಡ್ ಹಂಚುವ ವಾರ್ ರೂಮ್ ಫೋನ್ ಎತ್ತುತ್ತಿದೆಯೋ ಇಲ್ಲವೋ ಅಂತ ರಾತ್ರಿಯೆಲ್ಲ ಹುಡುಕಿ, ಗುರುತು ಪರಿಚಯ ಇಲ್ಲದವರಿಗೆ ತಿಳಿಸುವುದು ಸಣ್ಣ ಕೆಲಸ ಅಲ್ಲ. ಬಿಡು ಅಂತ ನಾನು ಹೇಳುವುದಿಲ್ಲ. ಆದರೆ ನಿನಗೆ ಹಗಲು ಆಫೀಸಿನ ಕೆಲಸ, ರಾತ್ರಿ ಈ ಕೆಲಸ, ಎರಡೂ ಅದೇ ಮಂಚದ ಮೇಲೆ, ಅದೇ ದಿಂಬಿಗೆ ಒರಗಿಕೊಂಡು. ಮಲಗುವುದು ಮೂರಕ್ಕೋ ನಾಲ್ಕಕ್ಕೋ. ಒಂದು ತಿಂಗಳಿಂದ ಹೀಗೇ ಅಂತ ನಿನ್ನ ಅಮ್ಮ ಹೇಳಿದಳು. 24ಕ್ಕೆ ಮುಗಿಯಬೇಕಿದ್ದ ಲಾಕ್‌ಡೌನ್ ಜೂನ್ 7ರವರೆಗೆ ಮುಂದಕ್ಕೆ ಹೋಗಿದೆ ಅಂತ ನಿನ್ನೆ ಮುಖ್ಯಮಂತ್ರಿಗಳು ಹೇಳಿದರಲ್ಲ, ಆಗ ನನಗೆ ಮೊದಲು ನೆನಪಾದವನು ನೀನು. ಇನ್ನೂ ಎರಡು ವಾರ ಈ ಹುಡುಗ ಹೀಗೇ ಇದ್ದರೆ ಏನು ಗತಿ ಅಂತ.

ನಾನು ಮೂವತ್ತಾರು ವರ್ಷ ನರ್ಸ್ ಆಗಿದ್ದವಳು. ನಮ್ಮಲ್ಲಿ ಚಾರ್ಜ್ ಕೊಡುವುದು ಅಂತ ಒಂದಿತ್ತು. ಬೆಳಗ್ಗೆ ಎಂಟಕ್ಕೆ ಬಂದವಳು ಎರಡಕ್ಕೆ ಹೊರಡುವ ಮುಂಚೆ ಮುಂದಿನವಳನ್ನು ಕರೆದುಕೊಂಡು ಒಂದೊಂದೇ ಬೆಡ್ಡಿನ ಹತ್ತಿರ ಹೋಗಬೇಕು. ಮೂರನೇ ಬೆಡ್ಡಿನ ಡ್ರಿಪ್ ನಾಲ್ಕಕ್ಕೆ ಮುಗಿಯುತ್ತೆ, ಐದನೇ ಬೆಡ್ಡಿನವರಿಗೆ ಜ್ವರ ಇಳಿದಿಲ್ಲ, ಡಾಕ್ಟರಿಗೆ ಹೇಳಿದ್ದೇನೆ. ಎಲ್ಲ ರಿಪೋರ್ಟ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿ ಮನೆಗೆ ಹೋಗಬೇಕು. ರೋಗಿ ವಾಸಿಯಾಗಿರಲಿ, ಆಗದೇ ಇರಲಿ, ಹೋಗಲೇಬೇಕು.

ನಾನು ಒಂದು ಸಲ ಹೋಗಲಿಲ್ಲ. ಕೆಲಸಕ್ಕೆ ಸೇರಿ ಐದಾರು ವರ್ಷ ಆಗಿತ್ತು. ಮಳೆಗಾಲದಲ್ಲಿ ಸುತ್ತಲ ಊರುಗಳಲ್ಲೆಲ್ಲ ವಾಂತಿಭೇದಿ, ವಾರ್ಡಿನಲ್ಲಿ ಬೆಡ್ ಸಾಲದೆ ನೆಲದ ಮೇಲೂ ರೋಗಿಗಳು. ಎರಡು ಹಗಲು ಎರಡು ರಾತ್ರಿ ನಾನು ಅಲ್ಲೇ ಇದ್ದೆ. ಹಿರಿಯ ಸಿಸ್ಟರ್ ಎರಡು ಸಲ ಹೋಗು ಅಂದರು, ನಾನೇ ಕೇಳಲಿಲ್ಲ. ನಾನಿಲ್ಲದಿದ್ದರೆ ನಡೆಯುವುದಿಲ್ಲ ಅನ್ನಿಸಿತ್ತು. ಮೂರನೇ ದಿನ ಬೆಳಗ್ಗೆ ಒಂದು ಮಗುವಿಗೆ ಇಂಜೆಕ್ಷನ್ ಕೊಡಲು ಹೋದರೆ ಅದರ ತಾಯಿ ನನ್ನ ಕೈ ಹಿಡಿದುಕೊಂಡು, "ಈಗಷ್ಟೇ ಕೊಟ್ಟು ಹೋದ್ರಲ್ಲಮ್ಮಾ" ಅಂದಳು. ನನಗೆ ನೆನಪೇ ಇರಲಿಲ್ಲ ಪುಟ್ಟಾ. ಕೊಟ್ಟದ್ದೂ ನೆನಪಿಲ್ಲ, ಬರೆದದ್ದೂ ನೆನಪಿಲ್ಲ, ಏನೂ ನೆನಪಿಲ್ಲ. ಆ ತಾಯಿ ಹೆದರಿಕೊಂಡು ಸುಮ್ನೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಕೆಲವು ರಾತ್ರಿ ಯೋಚನೆ ಬರುತ್ತೆ. ಅವತ್ತು ಸಿಸ್ಟರ್ ಬೈಯಲಿಲ್ಲ. ನನ್ನ ಕೈಯಿಂದ ಟ್ರೇ ತೆಗೆದುಕೊಂಡು ಮನೆಗೆ ಕಳಿಸಿದರು. ನಾನು ಹದಿನಾಲ್ಕು ಗಂಟೆ ನಿದ್ದೆ ಮಾಡಿದೆ. ವಾರ್ಡ್ ನಡೆಯಿತು.

ನೀನು ಜನರಿಗೆ ಕೊಡುವುದು ಫೋನ್ ನಂಬರ್, ವಿಳಾಸ. ನಿದ್ದೆಗೆಟ್ಟು ಒಂದು ಅಂಕಿ ತಪ್ಪಾದರೆ ಆ ಮನೆಯವರ ಅರ್ಧ ಗಂಟೆ ಹೋಯಿತು. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಗುಂಪಿನಲ್ಲಿ ಪಾಳಿ ಮಾಡಿಕೊಳ್ಳಿ. ಹದಿನೈದು ಜನ ಇದ್ದೀರಿ ಅಂದಿದ್ದೆ, ಹದಿನೈದೂ ಜನ ರಾತ್ರಿ ಎರಡಕ್ಕೆ ಎದ್ದಿರುವುದು ಯಾಕೆ?

ಇನ್ನು ನೀನು ಬೆಡ್ ಹುಡುಕುತ್ತಿದ್ದ ಆ ಅಮ್ಮನ ವಿಷಯ. ಬೆಡ್ ಸಿಕ್ಕಿತು, ಆಂಬುಲೆನ್ಸ್ ತಲುಪುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಅವರ ಮಗಳ ಮೆಸೇಜನ್ನು ನೀನು ದಿನಾ ತೆಗೆದು ನೋಡುತ್ತೀಯಂತೆ. ಇದನ್ನು ನನಗೆ ಹೇಳಲಿಲ್ಲ, ನಿನ್ನ ಅಮ್ಮನಿಗೂ ಪೂರ್ತಿ ಹೇಳಿಲ್ಲ. ನೋಡು, ಅವರಿಗೆ ಹೊತ್ತಿಗೆ ಸರಿಯಾಗಿ ಬೆಡ್ ಸಿಗಲಿಲ್ಲ ಅಂದರೆ ಊರಲ್ಲಿ ಬೆಡ್ ಸಾಲದೆ ಇತ್ತು, ಅಷ್ಟೇ. ನೀನು ಆ ರಾತ್ರಿ ಊಟ ಮಾಡಲು ಇಪ್ಪತ್ತು ನಿಮಿಷ ತಗೊಂಡೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನನ್ನ ಕಣ್ಣೆದುರೇ ಎಷ್ಟೋ ಜನ ಹೋಗಿದ್ದಾರೆ. ಮೊದಲ ವರ್ಷ ಒಬ್ಬ ಬಾಣಂತಿ ಹೋದಾಗ ಬೆಡ್‌ಶೀಟ್ ಇಡುವ ಕೋಣೆಯಲ್ಲಿ ನಿಂತು ಅತ್ತಿದ್ದೆ. ಯಾರಿಗೂ ಹೇಳದೆ ಆರು ತಿಂಗಳು ಒಳಗೇ ಇಟ್ಟುಕೊಂಡಿದ್ದೆ. ಕೊನೆಗೆ ನಿನ್ನ ದೊಡ್ಡಪ್ಪನ ಹತ್ತಿರ ಹೇಳಿಕೊಂಡಾಗ ಅವರೇನೂ ಸಮಾಧಾನ ಹೇಳಲಿಲ್ಲ, ಕೂತು ಕೇಳಿದರು. ಅಷ್ಟಕ್ಕೇ ಎದೆ ಹಗುರಾಯಿತು. ನೀನು ಅಳಬೇಕು ಅನ್ನಿಸಿದರೆ ಅಳು. ಗಂಡು ಹುಡುಗ ಅಂತ ತಡೆದುಕೊಳ್ಳಬೇಡ.

ಹದಿನೈದು ದಿನ ಆದರೂ ನಿದ್ದೆ ಸರಿಹೋಗಲಿಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತೆ ಅಂದರೆ ನಿಮ್ಹಾನ್ಸ್ ಸಹಾಯವಾಣಿಗೆ ಫೋನ್ ಮಾಡು. 080-46110007. ಕಳೆದ ವರ್ಷ ಲಾಕ್‌ಡೌನ್ ಶುರುವಾದಾಗಲೇ ಇದನ್ನು ತೆರೆದದ್ದು, ಕನ್ನಡದಲ್ಲೇ ಮಾತಾಡಬಹುದು. ಬದುಕಿರುವುದೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದರೂ ಹದಿನೈದು ದಿನ ಕಾಯಬೇಡ, ಅವತ್ತೇ ಮಾಡು, ನನಗೂ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ನಾನೂ ಮಾಡಿದ್ದೇನೆ ಅಲ್ಲಿಗೆ. 2020ರ ಏಪ್ರಿಲ್‌ನಲ್ಲಿ, ನಿನ್ನ ದೊಡ್ಡಪ್ಪ ಹೋಗಿ ಮೂರು ತಿಂಗಳಾಗಿತ್ತು, ಬಸ್ಸಿಲ್ಲ, ಬರುವವರಿಲ್ಲ, ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಜೀವಮಾನವೆಲ್ಲ ಇನ್ನೊಬ್ಬರಿಗೆ ಧೈರ್ಯ ಹೇಳಿದವಳು ನಾನು, ನಾನೇ ಕೇಳುವುದು ಹೇಗೆ ಅಂತ ಮೂರು ದಿನ ಸಂಕೋಚಪಟ್ಟು ಮಾಡಿದೆ. ಇದನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ.

ದೇಹದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಂಚದ ಮೇಲೆ ಲ್ಯಾಪ್‌ಟಾಪ್ ಬೇಡ, ಕುರ್ಚಿ ಮೇಜು ಇಲ್ಲದಿದ್ದರೆ ಅಡುಗೆ ಕಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತುಕೊಂಡಾದರೂ ಮಾಡು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡು. ಬೆಳಗ್ಗೆ ಏಳರೊಳಗೆ ಟೆರೇಸಿಗೆ ಹೋಗಿ ಬೆಳಕಿನಲ್ಲಿ ಅರ್ಧ ಗಂಟೆ ನಡೆ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆ ತಾನಾಗಿ ಹೊತ್ತಿಗೆ ಬರುತ್ತೆ. ನಾಲ್ಕರ ಮೇಲೆ ಕಾಫಿ ಬೇಡ. ದಿನಕ್ಕೆ ನಾಲ್ಕು ಲೋಟ ಕಷಾಯ ಕುಡಿಯುತ್ತಿದ್ದೀಯಂತೆ, ಹೊಟ್ಟೆ ಉರಿ ಬರದೆ ಇನ್ನೇನಾಗುತ್ತೆ? ಮೊಸರನ್ನ ತಿನ್ನು, ಹೆಸರುಕಾಳು ನೆನೆಸಿ ಉಸಲಿ ಮಾಡಿಕೋ. ಮಾವಿನಕಾಯಿ ಸಿಕ್ಕರೆ ಅಪ್ಪೆಹುಳಿ ಮಾಡು, ನಿನ್ನ ಅಜ್ಜ ಅದನ್ನು ಕುಡಿದು ಮಧ್ಯಾಹ್ನ ಚಾಪೆ ಹಾಸಿದರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಜ್ವರ ಬಂದರೆ ಏನು ಮಾಡಬೇಕು, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ ಆದರೆ ಏನು ಅಂತ ನಾನು ನಿನಗೆ ಹೇಳಿಕೊಡಬೇಕಿಲ್ಲ. ಒಂದೇ ಒಂದು, ಯಾರೋ ಫಾರ್ವರ್ಡ್ ಮಾಡಿದ ಚೀಟಿ ನೋಡಿ ಸ್ಟೀರಾಯ್ಡ್ ಮಾತ್ರೆಯನ್ನು ನೀನೂ ತಗೋಬೇಡ, ಯಾರಿಗೂ ಹೇಳಲೂ ಬೇಡ. ಈಗ ಕಪ್ಪು ಶಿಲೀಂಧ್ರ ಅಂತ ಬರುತ್ತಿದೆಯಲ್ಲ, ಅದರಲ್ಲಿ ಬೇಕಾಬಿಟ್ಟಿ ಸ್ಟೀರಾಯ್ಡಿನ ಪಾಲೂ ಇದೆ, ಸಕ್ಕರೆ ಕಾಯಿಲೆ ಇರುವವರಿಗಂತೂ ಅಪಾಯ ಜಾಸ್ತಿ.

ಈಗ ನಾನು ಯೋಚಿಸಿರುವುದು ಕೇಳು. ನಾಳೆಯಿಂದ ರಾತ್ರಿ ಹತ್ತಕ್ಕೆ ನಾನು ಫೋನ್ ಮಾಡುತ್ತೇನೆ. ನನಗೆ ಚಾರ್ಜ್ ಕೊಡು. ಇವತ್ತು ಯಾರಿಗೆ ಬೆಡ್ ಸಿಕ್ಕಿತು, ಯಾರಿಗೆ ಇನ್ನೂ ಇಲ್ಲ, ಅವರನ್ನು ರಾತ್ರಿ ಪಾಳಿಯ ಯಾರಿಗೆ ಒಪ್ಪಿಸಿದ್ದೀಯ, ಒಬ್ಬೊಬ್ಬರದೇ ಹೇಳು. ನಾನು ಬರೆದುಕೊಳ್ಳುತ್ತೇನೆ. ಹಳೆಯ ಬೈಂಡ್ ಪುಸ್ತಕ ಒಂದನ್ನು ಪೆಟ್ಟಿಗೆಯಿಂದ ತೆಗೆದು ಗೆರೆ ಹಾಕಿ ಇಟ್ಟಿದ್ದೇನೆ. ಕೊನೆಗೆ ನಿನ್ನದೂ ಹೇಳಬೇಕು, ಊಟ ಏನು, ಎಷ್ಟು ನಡೆದೆ, ಮನಸ್ಸು ಹೇಗಿದೆ. ಹೇಳಿ ಮುಗಿಸಿ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗು.

ಉಪ್ಪಿನಕಾಯಿ ಮಿಡಿ ಈ ಸಲ ಚೆನ್ನಾಗಿ ಸಿಕ್ಕಿತ್ತು. ಬಸ್ ಶುರುವಾದ ಕೂಡಲೇ ಕಳಿಸುತ್ತೇನೆ.

ನಿನ್ನ
ದೊಡ್ಡಮ್ಮ